ಹುರುಕು ಹತ್ತಿದ ನರಿಯೂ ಶ್ರಾವಕನ ಅಹಿಂಸಾಣುವ್ರತವೂ

ವ್ರತವನ್ನು ಸ್ವೀಕರಿಸುವಾಗ ನಮ್ಮ ಮನಸ್ಸಿನಲ್ಲಿ ಸಂದೇಹವಿರುವುದಿಲ್ಲ. ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಕೊಲ್ಲುವುದಿಲ್ಲವೆಂದು ಗುರುಸಾಕ್ಷಿಯಾಗಿ ನುಡಿದು ಮನೆಗೆ ಬರುತ್ತೇವೆ. ನೀರನ್ನು ಸೋಸಿ ಕುಡಿಯುತ್ತೇವೆ, ರಾತ್ರಿಭೋಜನವನ್ನು ಬಿಡುತ್ತೇವೆ, ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವನ್ನೋ ಏಕಾಶನವನ್ನೋ ಆಚರಿಸುತ್ತೇವೆ. ಇವೆಲ್ಲವೂ ದಾರಿ ಸ್ಪಷ್ಟವಾಗಿರುವ ಸ್ಥಳಗಳು. ಆದರೆ ಎರಡು ಜೀವಗಳು ಒಂದೇ ಚರ್ಮವನ್ನು ಆಶ್ರಯಿಸಿಕೊಂಡು, ಒಂದು ಉಳಿಯಬೇಕಾದರೆ ಇನ್ನೊಂದು ಅಳಿಯಲೇಬೇಕೆಂಬ ಪ್ರಸಂಗ ಬಂದಾಗ ಅಣುವ್ರತಿಯು ಏನು ಮಾಡಬೇಕು? ಈ ಪ್ರಶ್ನೆ ನನಗೆ ಶಾಸ್ತ್ರಸ್ವಾಧ್ಯಾಯದ ಪೀಠದ ಮೇಲೆ ಹೊಳೆದುದಲ್ಲ. ಹುಕ್ಕೇರಿ ತಾಲೂಕಿನ ದಡ್ಡಿಯಲ್ಲಿ, ಕಬ್ಬಿನ ಹೊಲದ ಬದುವಿನ ಮೇಲೆ ಎದುರಾದುದು.

ಕಾರ್ತಿಕ ಮಾಸದ ಅಷ್ಟಾಹ್ನಿಕ ಪರ್ವದ ದಿನಗಳು. ಘಟಪ್ರಭೆಯ ದಂಡೆಯ ಆ ಊರಿನಲ್ಲಿ ನಮ್ಮ ಸೋದರಮಾವನವರ ತೋಟದ ಮನೆಯಿದೆ. ಬೆಳಗಿನ ಜಾವ ಚಳಿ ಇನ್ನೂ ಹರಿದಿರಲಿಲ್ಲ. ಬದುವಿನ ಮೇಲೆ ಒಂದು ಪ್ರಾಣಿ ಕುಳಿತಿತ್ತು. ನಾಯಿಮರಿಯೆಂದು ತಿಳಿದು ಸಮೀಪಿಸಿದೆವು, ಅದು ನರಿ. ಬಾಲದ ತುದಿ ಮಾತ್ರ ಕಪ್ಪು ಕೂದಲಿನಿಂದ ಕೂಡಿತ್ತು. ಉಳಿದ ಬಾಲವೆಲ್ಲ ಬೋಳು ಹಗ್ಗದಂತೆ ತೋರುತ್ತಿತ್ತು. ಬೆನ್ನು, ತೊಡೆ, ಕಿವಿಗಳ ಮೇಲೆ ಬೂದುಬಣ್ಣದ ದಪ್ಪ ಹೊಪ್ಪಳೆ. ಕಣ್ಣುಗಳು ಅರ್ಧ ಮುಚ್ಚಿದ್ದವು. ಮನುಷ್ಯರನ್ನು ಕಂಡರೂ ಓಡಲಿಲ್ಲ. ಹಿಂಗಾಲಿನಿಂದ ಮೈ ಕೆರೆದುಕೊಂಡಿತು, ಸ್ವಲ್ಪ ನಿಂತಿತು, ಮತ್ತೆ ಕೆರೆದುಕೊಂಡಿತು.

ಕೂಡಿದವರಲ್ಲಿ ಒಬ್ಬ ರೈತರು, “ಒಂದ ಏಟಿಗೆ ಮುಗಿಸಿಬಿಡೂನ್ರಿ ಅಣ್ಣಾರ, ಅದರ ಗೋಳು ನೋಡಾಕ ಆಗವಲ್ದು” ಎಂದರು. ಅವರ ಧ್ವನಿಯಲ್ಲಿ ಕ್ರೌರ್ಯವಿರಲಿಲ್ಲ, ಮರುಕವೇ ಇತ್ತು. ಇನ್ನೊಬ್ಬರು ರೊಟ್ಟಿಯಲ್ಲಿ ನಾಯಿಯ ಔಷಧ ಕಲಸಿ ಇಟ್ಟರಾಯಿತೆಂದರು. ಮೂರನೆಯವರು ನಮ್ಮವರೇ, ನಿಯಮವಂತರು, “ಅದರ ಕರ್ಮ ಅದು ಉಣ್ಣತೈತಿ. ಹುಳಾನೂ ಜೀವನ ಅಲ್ಲೇನು? ನಾವ್ಯಾಕ ನಡುವ ಬಾಯಿ ಹಾಕೂದು?” ಎಂದರು. ಮೂವರೂ ದಯೆಯ ಹೆಸರಿನಲ್ಲಿಯೇ ಮಾತನಾಡಿದರು. ಆದರೆ ಮೂರು ಮಾತುಗಳೂ ಏಕಕಾಲದಲ್ಲಿ ಸತ್ಯವಾಗಿರಲು ಸಾಧ್ಯವಿಲ್ಲ.

ಧರ್ಮವಿಚಾರಕ್ಕೆ ಮೊದಲು ವಸ್ತುಸ್ಥಿತಿಯನ್ನು ತಿಳಿಯುವುದು ಯುಕ್ತ. ನಮ್ಮ ಭಾಗದಲ್ಲಿ ನರಿಯೆಂಬ ಒಂದೇ ಹೆಸರಿನಿಂದ ಎರಡು ಪ್ರಾಣಿಗಳನ್ನು ಕರೆಯುವುದುಂಟು. ರಾತ್ರಿ ಗುಂಪಾಗಿ ಊಳಿಡುವ ದೊಡ್ಡ ನರಿ ಒಂದು. ಬಯಲು ನೆಲದಲ್ಲಿ ಬಿಲ ತೋಡಿಕೊಂಡು, ಇಲಿ, ಮಿಡತೆ, ಗೆದ್ದಲು, ಬೋರೆಹಣ್ಣುಗಳಿಂದ ಬದುಕುವ, ಕಪ್ಪು ತುದಿಯ ಬಾಲದ ಸಣ್ಣ ಕೆಂಪು ನರಿ ಇನ್ನೊಂದು. ಹುರುಕು ಎರಡಕ್ಕೂ ತಗಲುತ್ತದೆ. ನಾಯಿಗೂ ತೋಳಕ್ಕೂ ತಗಲುತ್ತದೆ. ಇದಕ್ಕೆ ಕಾರಣ ಸಾರ್ಕಾಪ್ಟಿಸ್ ಎಂಬ ನುಸಿ. ಇದರ ಹೆಣ್ಣು ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಎಂಟು ಕಾಲುಗಳು, ಕಣ್ಣುಗಳಿಲ್ಲ. ಅದು ಚರ್ಮದ ಮೇಲ್ಪದರವನ್ನು ಕೊರೆದು ಸುರಂಗ ಮಾಡಿಕೊಂಡು, ಅದರೊಳಗೆ ದಿನಕ್ಕೆ 2-3 ತತ್ತಿಗಳನ್ನಿಡುತ್ತದೆ. ಮೂರು ನಾಲ್ಕು ದಿನಗಳಲ್ಲಿ ಮರಿ ಹೊರಬಂದು, ಎರಡು ಮೂರು ವಾರಗಳೊಳಗೆ ತಾನೂ ತತ್ತಿಯಿಡುವಷ್ಟು ಬೆಳೆಯುತ್ತದೆ. ನುಸಿಯ ದೇಹದ್ರವಗಳಿಗೂ ಮಲಕ್ಕೂ ಚರ್ಮವು ಕೆರಳಿ ತಾಳಲಾರದ ತುರಿಕೆಯುಂಟಾಗುತ್ತದೆ. ಕೆರೆದಲ್ಲಿ ಗಾಯ, ಗಾಯದಲ್ಲಿ ಕೀವು, ಅದರ ಮೇಲೆ ಹೊಪ್ಪಳೆ. ರೋಗ ಬಲಿತ ನರಿಯ ಹೊಪ್ಪಳೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಾವಿರಾರು ನುಸಿಗಳಿರುತ್ತವೆ. ಕೂದಲುದುರಿದ ಪ್ರಾಣಿ ಚಳಿಗೆ ನಡುಗುತ್ತದೆ, ಬೇಟೆಯಾಡಲಾರದೆ ಹಸಿಯುತ್ತದೆ, ಕೆಲವು ತಿಂಗಳಲ್ಲಿ ಸಾಯುತ್ತದೆ. ಆಶ್ರಯವಿತ್ತ ಮೈ ತಣ್ಣಗಾದ ಮೇಲೆ ನುಸಿಗಳೂ ಬಹಳ ದಿನ ಬದುಕುವುದಿಲ್ಲ. ತಂಪು ಮತ್ತು ತೇವವಿದ್ದರೆ ಕೆಲವು ಹೆಚ್ಚು ದಿನ ಉಳಿದು, ಅದೇ ಬಿಲವನ್ನು ಹೊಕ್ಕ ಮತ್ತೊಂದು ಪ್ರಾಣಿಯನ್ನು ಸೇರುತ್ತವೆ.

ಈ ನುಸಿಯ ಜಾತಿ ಮನುಷ್ಯನಿಗೂ ಹೊಸದಲ್ಲ. ಮನುಷ್ಯರ ಕಜ್ಜಿಗೆ ಇಂಥದೇ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿಯು ಕಾರಣವೆಂದು ಇಟಲಿಯ ಬೊನೋಮೋ ಎಂಬ ವೈದ್ಯರು 1687ರಲ್ಲಿ ಸೂಕ್ಷ್ಮದರ್ಶಕದಿಂದ ನೋಡಿ ಬರೆದರು. ಬಡ ಹೆಂಗಸರು ಸೂಜಿಯ ಮೊನೆಯಿಂದ ಮಕ್ಕಳ ಕೈಗಳಲ್ಲಿನ ಕಜ್ಜಿಯೊಳಗಿಂದ ಏನನ್ನೋ ತೆಗೆಯುವುದೇ ಅವರ ಶೋಧಕ್ಕೆ ದಾರಿಯಾಯಿತು. ಇಂದು ಪಶುವೈದ್ಯರು ಇದಕ್ಕೆ ಕೊಡುವ ಐವರ್‌ಮೆಕ್ಟಿನ್ ಎಂಬ ಔಷಧದ ಮೂಲವು ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿ. ಅದನ್ನು ಶೋಧಿಸಿದ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಆ ಔಷಧವು ನುಸಿಯ ನರಗಳನ್ನು ಸ್ತಬ್ಧಗೊಳಿಸಿ ಕೊಲ್ಲುತ್ತದೆ. ಕೊಲ್ಲುತ್ತದೆ ಎಂಬ ಮಾತನ್ನು ನಾನು ಬೇಕೆಂದೇ ಬರೆದಿದ್ದೇನೆ. ಅದನ್ನು ಗುಣಪಡಿಸುತ್ತದೆ ಎಂಬ ಮಾತಿನ ಹಿಂದೆ ಅಡಗಿಸುವುದು ವ್ರತಿಗೆ ಸಲ್ಲದು.

ಈಗ ಆ ಮೂರು ಮಾತುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲನೆಯದು, ಮರುಕದಿಂದ ಕೊಲ್ಲುವುದು. ಇಂದಿನ ಕಾಲದಲ್ಲಿ ಈ ಅಭಿಪ್ರಾಯಕ್ಕೆ ಸುಶಿಕ್ಷಿತರ ಬೆಂಬಲವೂ ಇದೆ. ಆದರೆ ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಕೊಂಡು ನಿಷೇಧಿಸಿದ್ದಾರೆ. ಬಹುದುಃಖದಲ್ಲಿರುವ ಪ್ರಾಣಿಯನ್ನು ಕೊಂದರೆ ಅದರ ದುಃಖ ಬೇಗ ತೀರುವುದೆಂಬ ಭಾವನೆಯು ಕೈಗೆತ್ತಿಕೊಂಡ ಕತ್ತಿಯೇ ಹೊರತು ದಯೆಯಲ್ಲವೆಂಬುದು ಅವರ ಅಭಿಪ್ರಾಯ. ಇದರ ಯುಕ್ತಿಯನ್ನು ಗಮನಿಸಬೇಕು. ದುಃಖವು ದೇಹದೊಂದಿಗೆ ಮುಗಿಯುವುದೆಂದು ತಿಳಿದವನಿಗೆ ಕೊಲೆಯು ಪರಿಹಾರವೆನಿಸೀತು. ಕರ್ಮವು ಜೀವದೊಂದಿಗೆ ಸಾಗುವುದೆಂದು ನಂಬಿದವನಿಗೆ ಅದು ಪರಿಹಾರವಲ್ಲ. ಕೇವಲ ನಮ್ಮ ಕಣ್ಣೆದುರಿನಿಂದ ದುಃಖವನ್ನು ಸರಿಸುವ ಉಪಾಯ. “ನೋಡಾಕ ಆಗವಲ್ದು” ಎಂಬ ಮಾತಿನಲ್ಲಿ ನೋಡುವವನ ನೋವೇ ಮುಂದಾಗಿದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು. ಮೇಲಾಗಿ ಸಾಯುತ್ತಿರುವಂತೆ ಕಂಡ ನರಿ ಬದುಕುವುದೂ ಉಂಟು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1994ರಿಂದ ಈ ರೋಗ ಹರಡಿ, ಎರಡು ವರ್ಷಗಳೊಳಗೆ ಅಲ್ಲಿಯ ನರಿಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಅಳಿದುಹೋದವು. ಆದರೂ ಅಳಿದುಳಿದವುಗಳಿಂದ ಸಂತತಿ ಮತ್ತೆ ನಿಧಾನವಾಗಿ ಬೆಳೆಯಿತು. ಯಾವುದು ಉಳಿಯುವ ಜೀವ, ಯಾವುದು ಅಳಿಯುವ ಜೀವ ಎಂದು ದೊಣ್ಣೆ ಹಿಡಿದವನು ಹೇಗೆ ಬಲ್ಲ?

ಎರಡನೆಯದನ್ನು ಸ್ವಲ್ಪ ತಡೆದು, ಮೂರನೆಯ ಮಾತನ್ನು ಮೊದಲು ನೋಡೋಣ. ಏಕೆಂದರೆ ಅದು ನಮ್ಮವರ ಮಾತು, ಆದ್ದರಿಂದ ಹೆಚ್ಚು ಅಪಾಯಕಾರಿ. ನುಸಿಯೂ ಜೀವವೆಂಬುದು ನಿಜ. ಕಣ್ಣಿಲ್ಲದ ಅದನ್ನು ಶಾಸ್ತ್ರದ ವಿಭಾಗದಂತೆ ಹೇನು, ತಿಗಣೆ, ಇರುವೆಗಳ ಸಾಲಿನಲ್ಲಿ ತ್ರೀಂದ್ರಿಯವೆಂದು ಎಣಿಸಬಹುದು. ಅದಕ್ಕೆ ಏಳು ಪ್ರಾಣಗಳು. ನರಿಯು ಸಂಜ್ಞೀ ಪಂಚೇಂದ್ರಿಯ. ಅದಕ್ಕೆ ಮನಸ್ಸೂ ಸೇರಿ ಹತ್ತು ಪ್ರಾಣಗಳು. ಆದರೆ ನಾವು ಸುಮ್ಮನಿದ್ದರೆ ನುಸಿಗಳು ಉಳಿದವೆ? ಇಲ್ಲ, ನರಿ ಸತ್ತಾಗ ಅದರ ಮೈಮೇಲಿನ ನುಸಿಗಳಲ್ಲಿ ಬಹುಭಾಗ ಅದರೊಡನೆಯೇ ನಾಶವಾಗುತ್ತವೆ. ನಮ್ಮ ಉದಾಸೀನದಿಂದ ಉಳಿದುದು ನಮ್ಮ ಸಮಾಧಾನವೊಂದೇ.

ಇಲ್ಲಿ ‘ಅದರ ಕರ್ಮ’ ಎಂಬ ಮಾತನ್ನೂ ಸರಿಯಾಗಿ ತಿಳಿಯಬೇಕು. ವಡ್ಡಾರಾಧನೆಯ ಮೊದಲ ಕಥೆಯಾದ ಸುಕುಮಾರಸ್ವಾಮಿಯ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಪರಿಚಿತ. ಧ್ಯಾನಸ್ಥರಾದ ಆ ಮಹಾಮುನಿಯ ದೇಹವನ್ನು ಹೆಣ್ಣುನರಿಯೊಂದು ತನ್ನ ಮರಿಗಳೊಡನೆ ತಿಂದಿತು. ಅವರು ಅಲುಗಲಿಲ್ಲ, ದ್ವೇಷಿಸಲಿಲ್ಲ. ಅದೇ ಕಥೆಯ ಪೂರ್ವಭಾಗವನ್ನು ನೆನೆಯಿರಿ. ಅದೇ ಜೀವವು ವಾಯುಭೂತಿಯಾಗಿದ್ದಾಗ ಮುನಿನಿಂದೆಯಿಂದ ಕುಷ್ಠಪೀಡಿತನಾಗಿ ಸತ್ತು, ಕತ್ತೆ, ಹಂದಿ, ನಾಯಿಗಳ ಜನ್ಮಗಳನ್ನು ಕಳೆಯಿತು. ಆ ಬಳಿಕ ದುರ್ಗಂಧದ ದೇಹವುಳ್ಳ ಕುರುಡು ಬಾಲೆಯಾಗಿದ್ದಾಗ ಮುನಿಯೊಬ್ಬರು ಅವಳನ್ನು ಕಂಡರು. ‘ಇದು ಅವಳ ಕರ್ಮ’ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರು. ಬಲ್ಲವರಾಗಿಯೂ ದಾಟಿಹೋಗಲಿಲ್ಲ, ನಿಂತು ವ್ರತವನ್ನಿತ್ತರು. ಸುಕುಮಾರಸ್ವಾಮಿಯ ದಾರಿ ಅಲ್ಲಿಂದ ತಿರುಗಿತು. ಕರ್ಮಸಿದ್ಧಾಂತವು ದುಃಖವನ್ನು ವಿವರಿಸಲು ಹೇಳಿದುದು. ದುಃಖಿಯನ್ನು ತೊರೆಯಲು ಕೊಟ್ಟ ಅನುಮತಿಯಲ್ಲ.

ಸನತ್ಕುಮಾರ ಚಕ್ರವರ್ತಿಯು ಮುನಿಯಾದ ಮೇಲೆ ಮೈಯೆಲ್ಲ ರೋಗ ಹಬ್ಬಿದಾಗಲೂ ವೈದ್ಯವೇಷದಿಂದ ಬಂದ ದೇವನ ಔಷಧವನ್ನು ಬಯಸಲಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಭವರೋಗಕ್ಕೆ ಔಷಧವಿದೆಯೇ ಎಂದು ಅವರು ಕೇಳಿದರೆಂಬುದು ಸತ್ಯ. ಆದರೆ ಅವರು ನಿರಾಕರಿಸಿದುದು ತಮ್ಮ ರೋಗದ ಔಷಧವನ್ನು. ಇಪ್ಪತ್ತೆರಡು ಪರೀಷಹಗಳಲ್ಲಿ ರೋಗಪರೀಷಹವನ್ನು ಗೆಲ್ಲುವುದು ತನ್ನ ದೇಹದ ಮೇಲಿನ ಜಯ. ಇನ್ನೊಬ್ಬರ ದೇಹದಲ್ಲಿನ ನೋವನ್ನು ‘ಸಹಿಸಿಕೊಳ್ಳುವುದು’ ಪರೀಷಹಜಯವಲ್ಲ, ಅದು ನಿರ್ದಯತೆ. ಅದೇ ಶಾಸ್ತ್ರವು ವೈಯಾವೃತ್ಯವನ್ನು ತಪಸ್ಸಿನಲ್ಲಿ ಸೇರಿಸಿದೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಜುಗುಪ್ಸೆಯಿಲ್ಲದಿರುವ ನಿರ್ವಿಚಿಕಿತ್ಸೆಯನ್ನು ಒಂದಾಗಿ ಎಣಿಸಿದೆ. ಕೊಣ್ಣೂರಿನ ಗುಹೆಯಲ್ಲಿ ಧ್ಯಾನಕ್ಕೆ ಕುಳಿತಿದ್ದ ಚಾರಿತ್ರಚಕ್ರವರ್ತಿ ಶಾಂತಿಸಾಗರ ಮಹಾರಾಜರ ಮೈಮೇಲೆ ಸರ್ಪವು ಹರಿದಾಡಿದ ಸಂಗತಿಯನ್ನು ನಮ್ಮ ಗೋಕಾಕ ಸೀಮೆಯ ಹಿರಿಯರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಆ ನಿಶ್ಚಲತೆ ತಮ್ಮ ದೇಹದ ವಿಷಯದಲ್ಲಿ ಇದ್ದದ್ದು. ಅದನ್ನು ಎರವಲು ತಂದು ಬದುವಿನ ಮೇಲೆ ನಡುಗುವ ನರಿಯ ಮುಂದೆ ನಿಶ್ಚಲರಾಗಿ ನಿಲ್ಲುವುದು ಅನುಕರಣೆಯಲ್ಲ, ಅಪಹಾಸ್ಯ.

ಆ ದಿನ ಉಪವಾಸದಲ್ಲಿದ್ದ ನಮ್ಮ ಆಯಿ ಈ ಎಲ್ಲ ಚರ್ಚೆಯನ್ನು ಕೇಳಿ ಒಂದೇ ಮಾತು ಹೇಳಿದರು: “ನಾ ಬಿಟ್ಟ ಊಟ ನನಗ ವ್ರತ. ಅದಕ್ಕ ಸಿಗದ ಊಟ ಬರೇ ಹಸಿವು. ಎರಡೂ ಒಂದ ಅಂತ ತಿಳೀಬ್ಯಾಡ್ರಿ.” ಪಶುವು ಪರವಶವಾಗಿ ಅನುಭವಿಸುವ ಹಸಿವು ಅಕಾಮನಿರ್ಜರೆಗೆ ಕಾರಣವಾದೀತೆಂದು ಶಾಸ್ತ್ರ ಹೇಳುತ್ತದೆ, ಹಾಗೆಂದು ಅದನ್ನು ಹಸಿದಿರಲು ಬಿಡುವವನಿಗೆ ಅದರಿಂದ ನಿರ್ಜರೆಯಾಗದು. ಉಪವಾಸ ಮಾಡುವವರಿಗೆ ಹಸಿವಿನ ರುಚಿ ತಿಳಿದಿರುತ್ತದೆ. ಆ ತಿಳಿವಿನಿಂದ ಪರರ ಹಸಿವು ಕಾಣದೇ ಹೋದರೆ ಉಪವಾಸವು ಬರಿಯ ಲಂಘನ.

ಹಾಗಾದರೆ ಎರಡನೆಯ ಮಾತು, ಔಷಧ? ಇಲ್ಲಿ ನಮ್ಮ ಅಂತರಂಗವನ್ನು ಮುಚ್ಚಿಡದೆ ಪರೀಕ್ಷಿಸಬೇಕು. ‘ನುಸಿ ಚಿಕ್ಕದು, ನರಿ ದೊಡ್ಡದು’ ಎಂದು ಹಗುರವಾಗಿ ಹೇಳಿ ಪಾರಾಗುವಂತಿಲ್ಲ. ಒಂದು ಹಿಂಸ್ರ ಜೀವವನ್ನು ಕೊಂದರೆ ಬಹಳ ಜೀವಗಳು ಉಳಿಯುತ್ತವೆಂಬ ಲೆಕ್ಕವನ್ನೂ ಅಮೃತಚಂದ್ರಾಚಾರ್ಯರು ತಳ್ಳಿಹಾಕಿದ್ದಾರೆ. ಈ ನಿಷೇಧವು ನರಿಗೂ ರಕ್ಷಣೆ, ನುಸಿಗೂ ರಕ್ಷಣೆ. ನರಿಯೇ ಇಲಿ ಮಿಡತೆಗಳನ್ನು ತಿನ್ನುವ ಪ್ರಾಣಿ. ಲೆಕ್ಕವನ್ನೇ ನಂಬಿದರೆ ನರಿಯನ್ನು ಉಳಿಸುವುದೂ ತಪ್ಪಾದೀತು! ಆದ್ದರಿಂದ ಎಣಿಕೆಯು ನಮ್ಮನ್ನು ಎಲ್ಲಿಗೂ ಮುಟ್ಟಿಸುವುದಿಲ್ಲ.

ಮುಟ್ಟಿಸುವುದು ಪ್ರಮಾದದ ವಿಚಾರ. ಪ್ರಮಾದಯೋಗದಿಂದ ಪ್ರಾಣಗಳ ವಿಯೋಗವಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣ ಹೇಳಿದ್ದಾರೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಎಷ್ಟು ಸತ್ತವು?’ ಎಂಬುದಷ್ಟೇ ಅಲ್ಲ. ‘ಈ ಇಕ್ಕಟ್ಟು ಬರುವವರೆಗೆ ನಾವು ಎಲ್ಲಿ ಎಚ್ಚರ ತಪ್ಪಿದ್ದೆವು?’ ಎಂಬುದು. ಈ ಪ್ರಶ್ನೆಯನ್ನು ಹಾಕಿಕೊಂಡಾಗ ನನ್ನ ಮುಖವೇ ನನಗೆ ಕಂಡಿತು. ತೋಟದ ಮನೆಯ ನಾಯಿ ಎರಡು ತಿಂಗಳಿಂದ ಕಿವಿಯಂಚನ್ನು ಕೆರೆದುಕೊಳ್ಳುತ್ತಿತ್ತು. ದಸರೆಗೆ ಬಂದಾಗ ನಾನೇ ಅದನ್ನು ನೋಡಿದ್ದೆ. ‘ಮಾಮಾ, ಇದಕ್ಕ ಹುರುಕ ಆಗೇತಿ’ ಎಂದು ಹೇಳಿ, ಹೇಳಿದ್ದೇ ಕರ್ತವ್ಯವೆಂದು ತಿಳಿದು ಊರಿಗೆ ಹೋಗಿದ್ದೆ. ಆ ನಾಯಿ ರಾತ್ರಿಯೆಲ್ಲ ಹೊಲ ಸುತ್ತುತ್ತಿತ್ತು. ಉಳಿದ ಅನ್ನ ರೊಟ್ಟಿಗಳನ್ನು ‘ಜೀವಿಗಳಿಗೆ ಆಗಲಿ’ ಎಂದು ನಾವು ಬದುವಿನ ಒಂದೇ ಸ್ಥಳದಲ್ಲಿ ಸುರಿಯುತ್ತಿದ್ದೆವು. ನಾಯಿಯೂ ನರಿಯೂ ಅಲ್ಲಿಯೇ ಮೂತಿ ಹಚ್ಚುತ್ತಿದ್ದವು. ನುಸಿಯು ಮೈಗೆ ಮೈ ತಗಲಿ, ಒಂದೇ ನೆಲದಲ್ಲಿ ಹೊರಳಿ, ಒಂದೇ ಬಿಲವನ್ನು ಹೊಕ್ಕು ಹರಡುವಂಥದು. ನಮ್ಮ ನಾಯಿಯಿಂದಲೇ ಆ ನರಿಗೆ ಬಂದಿತೆಂದು ನಾನು ಆಣೆಮಾಡಿ ಹೇಳಲಾರೆ. ಆದರೆ ಬಾರದಂತೆ ತಡೆಯಲು ನಾವು ಏನನ್ನೂ ಮಾಡಿರಲಿಲ್ಲವೆಂಬುದನ್ನು ಆಣೆಮಾಡಿ ಹೇಳಬಲ್ಲೆ. ಸೊಲ್ಲಾಪುರದ ಬಳಿಯ ನಾನಜ್ ಹುಲ್ಲುಗಾವಲಿನ ಪ್ರದೇಶದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಊರನಾಯಿಗಳಲ್ಲಿರುವ ಕೆಲವು ವಿಷಾಣುರೋಗಗಳ ಗುರುತು ಅಲ್ಲಿಯ ನರಿಗಳ ರಕ್ತದಲ್ಲಿಯೂ ಕಂಡುಬಂದಿತು. ನಮ್ಮ ಅಂಗಳಕ್ಕೂ ಕಾಡಿಗೂ ನಡುವೆ ಬೇಲಿಯಿಲ್ಲ. ನಮ್ಮ ಕಡೆ ಕುರಿಗಳನ್ನು ಕೂಡುವ ಸ್ಥಳಕ್ಕೂ ದಡ್ಡಿಯೆನ್ನುತ್ತಾರೆ; ಜೀವಗಳೆಲ್ಲ ಒಂದೇ ದಡ್ಡಿಯಲ್ಲಿ ಕೂಡಿಕೊಂಡಿರುವಾಗ ಒಂದರ ರೋಗ ಇನ್ನೊಂದರದಾಗುವುದರಲ್ಲಿ ಆಶ್ಚರ್ಯವೇನು?

ಇದರಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ನಾಯಿಯ ಕಿವಿಯಂಚಿನಲ್ಲಿ ತುರಿಕೆ ತೋರಿದ ದಿನವೇ ವೈದ್ಯರಲ್ಲಿಗೆ ಒಯ್ದಿದ್ದರೆ ಅಳಿಯುತ್ತಿದ್ದ ನುಸಿಗಳು ಕೆಲವು. ತಡಮಾಡಿದಷ್ಟೂ ಸಾವಿರ, ಲಕ್ಷ. ಜೊತೆಗೆ ನಾಯಿ, ನರಿ, ನರಿಯ ಮರಿಗಳು. ಮೊದಲಲ್ಲಿಯೇ ಎಚ್ಚರವಹಿಸುವುದು ಹಿಂಸೆಯನ್ನು ಅತ್ಯಲ್ಪಗೊಳಿಸುವ ಮಾರ್ಗ, ಇದೇ ಅಪ್ರಮಾದ. ಚಿಕಿತ್ಸೆಯಲ್ಲಿ ಶ್ರಾವಕನ ಸಂಕಲ್ಪವು ರಕ್ಷಣೆಯದು, ಕೊಲ್ಲುವುದಲ್ಲ. ಆದ್ದರಿಂದ ಅದನ್ನು ಸಂಕಲ್ಪೀ ಹಿಂಸೆಯೆನ್ನಲಾಗದು. ಗೃಹಸ್ಥನು ತನ್ನ ಮಗುವಿನ ಕಜ್ಜಿಗೆ ಔಷಧ ಹಚ್ಚುವಾಗ ಮಾಡುವುದೂ ಇದನ್ನೇ. ಆದರೂ ಅದು ಹಿಂಸಾರಹಿತವಲ್ಲ. ಔಷಧವನ್ನು ಕೊಡಿಸಿ, ಅಂದಿನ ಪ್ರತಿಕ್ರಮಣದಲ್ಲಿ ಆ ಅಳಿದ ಜೀವಗಳನ್ನೂ ನೆನೆಯುವವನು ವ್ರತಿ. ಔಷಧವನ್ನೇ ಕೊಡದವನು ನಿರ್ದಯಿ; ಕೊಟ್ಟು ‘ಹುಳು ತಾನೇ’ ಎಂದು ಮರೆಯುವವನು ಪ್ರಮಾದಿ. ಇವೆರಡರ ನಡುವಣ ಇಕ್ಕಟ್ಟಾದ ಓಣಿಯಲ್ಲಿ ಅಣುವ್ರತಿಯು ನಡೆಯಬೇಕಾಗಿದೆ.

ಕಾಡುಪ್ರಾಣಿಯ ವಿಷಯದಲ್ಲಿ ಇನ್ನೂ ಒಂದು ವಿವೇಕ ಬೇಕು. ರೊಟ್ಟಿಯಲ್ಲಿ ಔಷಧ ಕಲಸಿ ಬಯಲಲ್ಲಿಟ್ಟರೆ ಅದನ್ನು ಯಾವ ಪ್ರಾಣಿ ತಿನ್ನುವುದೋ, ಎಷ್ಟು ತಿನ್ನುವುದೋ ಬಲ್ಲವರಿಲ್ಲ; ಕೆಲವು ತಳಿಯ ನಾಯಿಗಳಿಗೆ ಆ ಔಷಧವು ಪ್ರಾಣಾಂತಿಕವಾಗಬಲ್ಲದು. ಹಳೆಯ ಎಂಜಿನ್ ಎಣ್ಣೆ, ಸೀಮೆಎಣ್ಣೆಗಳನ್ನು ನಾಯಿಯ ಮೈಗೆ ಬಳಿಯುವ ರೂಢಿಯೂ ಕೆಟ್ಟದು. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷವಾಗುತ್ತದೆ. ನರಿಯನ್ನು ತಾವೇ ಹಿಡಿಯಲು ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಕಚ್ಚಿಸಿಕೊಂಡರೆ ಹುಚ್ಚುರೋಗದ ಭಯವೂ ಉಂಟು. ಅರಣ್ಯ ಇಲಾಖೆಗೆ ತಿಳಿಸಿ, ಪಶುವೈದ್ಯರ ಮೂಲಕ ನಡೆಯುವುದೇ ಸರಿಯಾದ ಮಾರ್ಗ. ಪ್ರಾಣಿಗಳಿಂದ ಮನುಷ್ಯರಿಗೆ ತಗಲುವ ಹುರುಕು ಸಾಮಾನ್ಯವಾಗಿ ಬಹುಕಾಲ ನಿಲ್ಲುವುದಿಲ್ಲವಾದರೂ, ರೋಗಿಷ್ಠ ನಾಯಿಯನ್ನು ಮುಟ್ಟಿದ ಮಕ್ಕಳ ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಒಳ್ಳೆಯದು.

ನಾವು ಅರಣ್ಯ ಇಲಾಖೆಗೆ ತಿಳಿಸಿದೆವು. ಅವರು ಬರುವಷ್ಟರಲ್ಲಿ ನರಿ ಕಬ್ಬಿನೊಳಗೆ ಸರಿದುಹೋಗಿತ್ತು. ಮೂರನೆಯ ದಿನ, ಕಾಲುವೆಯ ಬದಿಯಲ್ಲಿ ಅದರ ಕಳೇವರ ಸಿಕ್ಕಿತು, ಮುದುಡಿ ಮಲಗಿತ್ತು. ಬರಿಗೈ ತಗಲದಂತೆ ಆಳವಾದ ಕುಣಿ ತೋಡಿ ಮಣ್ಣು ಮಾಡಿದೆವು. ‘ಬಡಿದು ಮುಗಿಸೂನು’ ಎಂದಿದ್ದ ರೈತರೇ ಗುದ್ದಲಿ ತಂದರು. ‘ಅದರ ಕರ್ಮ’ ಎಂದಿದ್ದವರು ಮಣ್ಣೆಳೆಯುತ್ತ ಣಮೋಕಾರ ಮಂತ್ರವನ್ನು ಜಪಿಸುತ್ತಿದ್ದರು. ಅದೇ ದಿನ ಮಾವನವರು ನಾಯಿಯನ್ನು ಪಶುಚಿಕಿತ್ಸಾಲಯಕ್ಕೆ ಒಯ್ದರು. ಒಂದು ತಿಂಗಳಲ್ಲಿ ಅದರ ಮೈಮೇಲೆ ಮತ್ತೆ ಕೂದಲು ಬಂದಿತು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ನಾವು ಬಾಯಿಪಾಠವಾಗಿ ಹೇಳುತ್ತೇವೆ. ಸಮಂತಭದ್ರಾಚಾರ್ಯರು ದಾನದ ದೃಷ್ಟಾಂತಗಳನ್ನು ಹೇಳುವಾಗ ಒಂದು ಹಂದಿಯ ಹೆಸರನ್ನೂ ಸೇರಿಸಿದರು. ಪಾರ್ಶ್ವನಾಥ ತೀರ್ಥಂಕರರ ಜೀವವು ಹಿಂದೊಮ್ಮೆ ಆನೆಯಾಗಿ ಶ್ರಾವಕವ್ರತಗಳನ್ನು ಪಾಲಿಸಿತು. ವರ್ಧಮಾನ ಸ್ವಾಮಿಯ ಜೀವವು ಸಿಂಹವಾಗಿದ್ದಾಗ ಧರ್ಮವನ್ನು ಕೇಳಿತು. ಪಶುವಿನ ಚರ್ಮದೊಳಗೆ ಯಾರಿದ್ದಾರೆಂಬುದನ್ನು ನಾವು ಬಲ್ಲೆವೆ?

ಮುಂದಿನ ಚತುರ್ದಶಿಯಂದು ನೀವು ಒಂದು ನಿಯಮವನ್ನು ತೆಗೆದುಕೊಳ್ಳಬಯಸಿದರೆ ಇದನ್ನು ಯೋಚಿಸಿರಿ: ಮನೆಯ ಮತ್ತು ಓಣಿಯ ನಾಯಿಗೆ ಹುರುಕು ಕಂಡರೆ, ಮರುಸೂರ್ಯೋದಯ ಎರಡು ಆಗುವುದರೊಳಗೆ ವೈದ್ಯರಿಗೆ ತೋರಿಸುವೆನು, ಉಳಿದ ಅನ್ನವನ್ನು ಹೊಲದಂಚಿನಲ್ಲಿ ಸುರಿಯೆನು. ಇದರಲ್ಲಿ ಹಸಿವಿಲ್ಲ, ಪಾರಣೆಯಿಲ್ಲ, ಯಾರೂ ಹೊಗಳುವುದೂ ಇಲ್ಲ. ನಾನು ಈ ನಿಯಮವನ್ನು ಆ ಕುಣಿಯ ಬದಿಯಲ್ಲಿ ನಿಂತೇ ತೆಗೆದುಕೊಂಡೆನು. ಎರಡು ತಿಂಗಳು ತಡವಾಗಿ.